ಭ್ರೂಣ ವರ್ಗಾವಣೆ ಮೂರನೆಯ ದಿನವೋ ಐದನೆಯ ದಿನವೋ: ಮಗುವಿನ ತೂಕಕ್ಕೆ ಇದರಿಂದ ವ್ಯತ್ಯಾಸವಾಗುತ್ತದೆಯೇ?

ಪ್ರಶ್ನೆ ಕೇಳಿದವರು: ನಿರೀಕ್ಷೆ

ಎಲ್ಲರಿಗೂ ನಮಸ್ಕಾರ.

ನನಗೆ 34 ವರ್ಷ. ಎರಡು ಬಾರಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿಕೊಂಡು ಫಲ ಕಾಣದೆ, ಈಗ ಮೊದಲ ಸಲ ಐವಿಎಫ್, ಅಂದರೆ ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸುವ ಚಿಕಿತ್ಸೆಗೆ ಒಳಗಾಗಿದ್ದೇನೆ. ನಿನ್ನೆ ಅಂಡಾಣುಗಳನ್ನು ಹೊರತೆಗೆದರು. ಎಂಟು ಸಿಕ್ಕವು, ಅವುಗಳಲ್ಲಿ ಐದು ಫಲಿತಗೊಂಡಿವೆ ಎಂದು ಇಂದು ಬೆಳಿಗ್ಗೆ ಪ್ರಯೋಗಾಲಯದವರು ಫೋನ್ ಮಾಡಿ ತಿಳಿಸಿದರು. ಫೋನ್ ಇಟ್ಟ ಮೇಲೆ ನಾನೂ ನನ್ನ ಯಜಮಾನರೂ ನಿಂತಲ್ಲೇ ಸ್ವಲ್ಪ ಹೊತ್ತು ಮಾತಿಲ್ಲದೆ ಇದ್ದೆವು.

ಈಗ ವೈದ್ಯರು ನಮ್ಮ ಮುಂದೆ ಎರಡು ದಾರಿಗಳನ್ನು ಇಟ್ಟಿದ್ದಾರೆ. ಒಂದು, ಮೂರನೆಯ ದಿನವೇ ಒಂದು ಭ್ರೂಣವನ್ನು ಗರ್ಭಕೋಶಕ್ಕೆ ವರ್ಗಾಯಿಸುವುದು. ಇನ್ನೊಂದು, ಎಲ್ಲ ಐದನ್ನೂ ಐದನೆಯ ದಿನದವರೆಗೆ ಬೆಳೆಸಿ, ಬ್ಲಾಸ್ಟೊಸಿಸ್ಟ್ ಹಂತಕ್ಕೆ, ಅಂದರೆ ಒಳಗೆ ದ್ರವ ತುಂಬಿದ ಪೊಳ್ಳು ಮೂಡುವ ಹಂತಕ್ಕೆ, ಬಂದವುಗಳನ್ನು ಫ್ರೀಜ್ ಮಾಡಿಟ್ಟು, ಮುಂದಿನ ತಿಂಗಳೋ ಅದರ ಮುಂದಿನ ತಿಂಗಳೋ ವರ್ಗಾಯಿಸುವುದು. ನನ್ನ ವಿಷಯದಲ್ಲಿ ಎರಡೂ ಸರಿಯಾದ ಆಯ್ಕೆಗಳೇ ಎಂದು ಅವರು ಹೇಳಿದರು. ನಾಳೆ ಸಂಜೆಯೊಳಗೆ ನಮ್ಮ ತೀರ್ಮಾನ ತಿಳಿಸಬೇಕು.

ನನ್ನ ಆತಂಕ ಗರ್ಭ ನಿಲ್ಲುವುದರ ಬಗ್ಗೆ ಎಷ್ಟಿದೆಯೋ ಮಗುವಿನ ತೂಕದ ಬಗ್ಗೆಯೂ ಅಷ್ಟೇ ಇದೆ. ನನ್ನ ಅಕ್ಕನಿಗೆ ನಾಲ್ಕು ವರ್ಷದ ಹಿಂದೆ ಐವಿಎಫ್ ಮೂಲಕ ಅವಳಿ ಮಕ್ಕಳಾದವು. ಒಂದು 1.9 ಕೆ.ಜಿ., ಇನ್ನೊಂದು 2 ಕೆ.ಜಿ. ಮಕ್ಕಳ ತೀವ್ರ ನಿಗಾ ಘಟಕದ ಗಾಜಿನ ಆಚೆ, ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಆ ಎರಡು ಜೀವಗಳನ್ನು ನೋಡಿದ ದಿನ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅವಳಿಗೆ ಮೂರನೆಯ ದಿನವೇ ಎರಡು ಭ್ರೂಣಗಳನ್ನು ಹಾಕಿದ್ದರು. ಹಾಗಾಗಿ ಮೂರನೆಯ ದಿನದ ವರ್ಗಾವಣೆಯಿಂದ ಮಗು ಸಣ್ಣದಾಗುತ್ತದೆ ಎಂಬ ಭಯ ನನ್ನಲ್ಲಿ ಬೇರೂರಿದೆ. ಇತ್ತ ಓದಲು ಕುಳಿತರೆ, ಐದನೆಯ ದಿನದ ವರ್ಗಾವಣೆಯಲ್ಲಿ ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಸಂಭವ ಹೆಚ್ಚು ಎಂದು ಒಂದು ಕಡೆ, ಫ್ರೀಜ್ ಮಾಡಿದ ಭ್ರೂಣದಿಂದ ಹುಟ್ಟುವ ಮಕ್ಕಳ ತೂಕ ಅತಿಯಾಗಬಹುದು ಎಂದು ಇನ್ನೊಂದು ಕಡೆ ಬರೆದಿದ್ದಾರೆ.

ವರ್ಗಾವಣೆಯ ದಿನ ಮಗುವಿನ ತೂಕವನ್ನು ನಿಜವಾಗಿಯೂ ನಿರ್ಧರಿಸುತ್ತದೆಯೇ? ಈ ಒಂದು ಕಾರಣವನ್ನು ಮುಂದಿಟ್ಟುಕೊಂಡು ನಾವು ದಾರಿ ಆರಿಸಿಕೊಳ್ಳುವುದು ಸರಿಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಈ ದಾರಿಯಲ್ಲಿ ನಡೆದು ಬಂದವರೂ ದಯವಿಟ್ಟು ತಿಳಿಸಿ.


ಉತ್ತರಿಸಿದವರು: ಇನ್‌ಕ್ಯುಬೇಟರ್ ಪಕ್ಕದಿಂದ

ನಮಸ್ಕಾರ. ನಾನು ಹದಿನಾಲ್ಕು ವರ್ಷಗಳಿಂದ ಭ್ರೂಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವೈದ್ಯರ ಜಾಗದಲ್ಲಿ ನಿಂತು ಸಲಹೆ ಕೊಡುವುದು ನನ್ನ ಕೆಲಸವಲ್ಲ. ಆದರೆ ಈ ಎರಡು ದಿನಗಳ ನಡುವೆ ಭ್ರೂಣಕ್ಕೆ ಏನಾಗುತ್ತದೆ ಎಂಬುದನ್ನು ದಿನವೂ ಕಣ್ಣಾರೆ ನೋಡುವವನಾಗಿ ಕೆಲವು ವಿಷಯಗಳನ್ನು ಹೇಳಬಲ್ಲೆ.

ಮೂರನೆಯ ದಿನ ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗೆ ಕಾಣುವುದು, ಒಂದು ತೆಳುವಾದ ಪಾರದರ್ಶಕ ಚಿಪ್ಪಿನೊಳಗೆ ಒತ್ತೊತ್ತಾಗಿ ಕುಳಿತ ಆರರಿಂದ ಎಂಟು ದುಂಡನೆಯ ಕೋಶಗಳು. ಇಡೀ ಭ್ರೂಣದ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅಂದರೆ ಮೊದಲ ದಿನ ಅಂಡಾಣು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯವರೆಗೆ ಅದು ಬೆಳೆದಿರುವುದಿಲ್ಲ, ಒಳಗೊಳಗೇ ಭಾಗವಾಗಿರುತ್ತದೆ. ಮಗುವಿನ ತೂಕದ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಸಂಗತಿ. ಐದನೆಯ ದಿನದ ಹೊತ್ತಿಗೆ ಅದೇ ಭ್ರೂಣದಲ್ಲಿ ನೂರರ ಆಸುಪಾಸು ಕೋಶಗಳಿರುತ್ತವೆ, ನಡುವೆ ದ್ರವ ತುಂಬಿದ ಒಂದು ಪೊಳ್ಳು ಇರುತ್ತದೆ, ಒಳಗೋಡೆಗೆ ಅಂಟಿಕೊಂಡಂತೆ ಒಂದು ಬದಿಯಲ್ಲಿ ಕೋಶಗಳ ಪುಟ್ಟ ಗುಂಪು ಕಾಣುತ್ತದೆ. ಆ ಗುಂಪಿನಿಂದ ಮಗು ರೂಪುಗೊಳ್ಳುತ್ತದೆ; ಹೊರಗಿನ ಪದರದಿಂದ ಮಾಸು, ಅಂದರೆ ಪ್ಲಾಸೆಂಟಾ, ಬೆಳೆಯುತ್ತದೆ. ಮಗುವಿಗೆ ಒಂಬತ್ತು ತಿಂಗಳು ಉಣಿಸುವುದು ಈ ಮಾಸು. ಹಾಗಾಗಿ ಮಾಸಿನ ಮೂಲಕೋಶಗಳು ಬೇರ್ಪಡುವ ಹೊತ್ತಿನಲ್ಲಿ ಭ್ರೂಣವು ತಾಯಿಯ ಒಡಲಲ್ಲಿದೆಯೋ ಪ್ರಯೋಗಾಲಯದ ತಟ್ಟೆಯಲ್ಲಿದೆಯೋ ಎಂಬ ಪ್ರಶ್ನೆಗೆ ತೂಕದ ದೃಷ್ಟಿಯಿಂದ ಅರ್ಥವಿದೆ. ನಿಮ್ಮ ಸಂದೇಹ ಆಧಾರವಿಲ್ಲದ್ದಲ್ಲ.

ಸಹಜವಾಗಿ ಗರ್ಭ ನಿಂತಾಗ ಭ್ರೂಣವು ಮೊದಲ ಮೂರು ದಿನಗಳನ್ನು ಗರ್ಭನಾಳದಲ್ಲಿ ಕಳೆದು, ನಾಲ್ಕನೆಯ ಅಥವಾ ಐದನೆಯ ದಿನ ಗರ್ಭಕೋಶಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಐದನೆಯ ದಿನದ ವರ್ಗಾವಣೆ ಪ್ರಕೃತಿಯ ಸಮಯಕ್ಕೆ ಹತ್ತಿರ. ಆದರೆ ಅದಕ್ಕಾಗಿ ಭ್ರೂಣವು ಇನ್ನೆರಡು ದಿನ, ಅದನ್ನು ಬೆಳೆಸಲು ನಾವು ಬಳಸುವ ಪೋಷಕ ದ್ರಾವಣದಲ್ಲಿ ಇರಬೇಕಾಗುತ್ತದೆ. ಆ ದ್ರಾವಣಕ್ಕೂ ಮಗುವಿನ ತೂಕಕ್ಕೂ ಸಂಬಂಧವಿದೆ ಎಂಬುದು ಊಹೆಯಲ್ಲ. ನೆದರ್ಲೆಂಡ್ಸಿನಲ್ಲಿ ಎರಡು ಬಗೆಯ ದ್ರಾವಣಗಳನ್ನು ಹೋಲಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಾವ ದಂಪತಿಗೆ ಯಾವ ದ್ರಾವಣ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಒಂದು ದ್ರಾವಣದಲ್ಲಿ ಬೆಳೆದ ಮಕ್ಕಳ ಸರಾಸರಿ ತೂಕ ಇನ್ನೊಂದರಲ್ಲಿ ಬೆಳೆದವರಿಗಿಂತ 158 ಗ್ರಾಂ ಕಡಿಮೆಯಿತ್ತು. ಗಮನಿಸಬೇಕಾದ ಮಾತೆಂದರೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಪ್ರಮಾಣ ಹೆಚ್ಚಾಗಿದ್ದ ದ್ರಾವಣದ ಮಕ್ಕಳೇ ತೂಕದಲ್ಲಿ ಹಗುರವಾಗಿದ್ದರು. ಗರ್ಭ ನಿಲ್ಲಲು ಯಾವುದು ಒಳ್ಳೆಯದೋ ತೂಕಕ್ಕೂ ಅದೇ ಒಳ್ಳೆಯದು ಎಂದು ನಾವು ಸುಲಭವಾಗಿ ಭಾವಿಸುವಂತಿಲ್ಲ. ದನ ಮತ್ತು ಕುರಿಗಳಲ್ಲಿ ಇದಕ್ಕೆ ವಿರುದ್ಧವಾದ ಅನುಭವ ಮೊದಲೇ ಆಗಿತ್ತು: ಪ್ರಯೋಗಾಲಯದಲ್ಲಿ ಕೆಲವು ದಿನ ಬೆಳೆಸಿದ ಭ್ರೂಣಗಳಿಂದ ಅಸಹಜವಾಗಿ ದೊಡ್ಡ ಕರುಗಳೂ ಮರಿಗಳೂ ಹುಟ್ಟುತ್ತಿದ್ದವು. ಕುರಿಗಳಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಅಳಿಸಿಹೋದದ್ದೇ ಇದಕ್ಕೆ ಕಾರಣವೆಂದು 2001ರಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಬ್ಲಾಸ್ಟೊಸಿಸ್ಟ್ ವರ್ಗಾವಣೆಯಿಂದ ಹುಟ್ಟಿದವರಲ್ಲಿ, ಅವಧಿಗೆ ತಕ್ಕ ತೂಕಕ್ಕಿಂತ ದೊಡ್ಡದಾಗಿರುವ ಮಕ್ಕಳ ಪಾಲು ತುಸು ಹೆಚ್ಚು, ಸಣ್ಣದಾಗಿರುವವರ ಪಾಲು ತುಸು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ನಾನು ಹೇಳುತ್ತಿರುವುದು ಸರಾಸರಿಯ ಮಾತು. ನಿಮ್ಮ ಒಂದು ಮಗುವಿನ ಭವಿಷ್ಯ ಇದರಲ್ಲಿ ಅಡಗಿಲ್ಲ.

ಇನ್ನು ಆಯ್ಕೆಯ ಪ್ರಶ್ನೆ. ಭ್ರೂಣದ ಸ್ವಂತ ಜೀನುಗಳು ಕೆಲಸ ಆರಂಭಿಸುವುದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ. ಅಲ್ಲಿಯವರೆಗೆ ಅದು ಅಂಡಾಣುವಿನಲ್ಲಿದ್ದ ದಾಸ್ತಾನಿನ ಮೇಲೆ ನಡೆಯುತ್ತದೆ. ಆದ್ದರಿಂದಲೇ ಮೂರನೆಯ ದಿನ ಬಹಳ ಚೆನ್ನಾಗಿ ಕಾಣುವ ಭ್ರೂಣವೂ ನಾಲ್ಕನೆಯ ದಿನ ನಿಂತುಬಿಡಬಹುದು. ಫಲಿತಗೊಂಡವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುತ್ತವೆ. ಐದಿರುವವರಿಗೆ ಎರಡೋ ಮೂರೋ ಉಳಿಯಬಹುದು. ಒಂದೇ ಇದ್ದವರಿಗೆ ಏನೂ ಉಳಿಯದೆ ಹೋಗಬಹುದು, ಅಂಥವರಿಗೆ ನಾವು ಸಾಮಾನ್ಯವಾಗಿ ಕಾಯಲು ಹೇಳುವುದಿಲ್ಲ. ನೆದರ್ಲೆಂಡ್ಸಿನಲ್ಲಿಯೇ 1,202 ಮಹಿಳೆಯರನ್ನು ಒಳಗೊಂಡು ಮೂರನೆಯ ದಿನವನ್ನೂ ಐದನೆಯ ದಿನವನ್ನೂ ನೇರವಾಗಿ ಹೋಲಿಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಮೊದಲ ತಾಜಾ ವರ್ಗಾವಣೆಯಲ್ಲೇ ಮಗು ಪಡೆದವರು ಐದನೆಯ ದಿನದ ಗುಂಪಿನಲ್ಲಿ ಹೆಚ್ಚು. ಆದರೆ ಫ್ರೀಜ್ ಮಾಡಿಟ್ಟ ಭ್ರೂಣಗಳನ್ನೂ ಬಳಸಿದ ಮೇಲೆ ಒಟ್ಟಾರೆ ಲೆಕ್ಕ ಹಾಕಿದರೆ ಒಂದು ಗುಂಪಿನಲ್ಲಿ ಶೇ. 58.9, ಇನ್ನೊಂದರಲ್ಲಿ ಶೇ. 58.4, ಎರಡೂ ಸಮವೇ. ಐದನೆಯ ದಿನದವರಿಗೆ ಕಡಿಮೆ ಸಲ ವರ್ಗಾವಣೆ ಸಾಕಾಯಿತು, ಗರ್ಭ ಕಳೆದುಕೊಳ್ಳುವ ನೋವೂ ಕಡಿಮೆಯಿತ್ತು. ಅದೇ ವೇಳೆ 32 ವಾರದಿಂದ 37 ವಾರದೊಳಗೆ ಹೆರಿಗೆಯಾದವರ ಪ್ರಮಾಣ ಆ ಗುಂಪಿನಲ್ಲಿ ಶೇ. 10.7, ಮೂರನೆಯ ದಿನದ ಗುಂಪಿನಲ್ಲಿ ಶೇ. 5.5 ಆಗಿತ್ತು. ನೀವು ಓದಿದ್ದು ಬಹುಶಃ ಇದರ ಬಗ್ಗೆಯೇ ಇರಬೇಕು. ತೂಕದ ಮೇಲೆ ಇದರ ಅರ್ಥವೇನು ಎಂಬುದನ್ನು ಹೆರಿಗೆ ವಿಭಾಗದವರು ನನಗಿಂತ ಚೆನ್ನಾಗಿ ಹೇಳಬಲ್ಲರು.


ಉತ್ತರಿಸಿದವರು: ಇಬ್ಬರ ಅಮ್ಮ

ನಿರೀಕ್ಷೆ ಅವರೇ, ನಿಮ್ಮ ಹಾಗೆಯೇ ನಾನೂ ಈ ಪ್ರಶ್ನೆಯನ್ನು ಎದೆಯಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ನಿದ್ದೆಗೆಟ್ಟವಳು, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಇಬ್ಬರು ಮಕ್ಕಳೂ ಒಂದೇ ದಿನ ಹೊರತೆಗೆದ ಅಂಡಾಣುಗಳಿಂದ ಬಂದವರು. ಮಗಳನ್ನು ಮೂರನೆಯ ದಿನ, ತಾಜಾ ಭ್ರೂಣವಾಗಿಯೇ ವರ್ಗಾಯಿಸಿದರು. ಉಳಿದವುಗಳಲ್ಲಿ ಐದನೆಯ ದಿನದವರೆಗೆ ಬೆಳೆದ ಎರಡನ್ನು ಫ್ರೀಜ್ ಮಾಡಿಟ್ಟರು. ಮೂರು ವರ್ಷದ ನಂತರ ಅವುಗಳಲ್ಲಿ ಒಂದರಿಂದ ಮಗ ಹುಟ್ಟಿದ. ಮಗಳು 38 ವಾರಕ್ಕೆ ಹುಟ್ಟಿದಾಗ 2.7 ಕೆ.ಜಿ. ಇದ್ದಳು. ಮಗ 39 ವಾರ ಮೂರು ದಿನಕ್ಕೆ ಹುಟ್ಟಿ 3.4 ಕೆ.ಜಿ. ತೂಗಿದ. ದಾದಿಯೊಬ್ಬರು ತಕ್ಕಡಿಯ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಮಗಳ ಬಗ್ಗೆ ಪಶ್ಚಾತ್ತಾಪ. ಅವಳನ್ನೂ ಐದನೆಯ ದಿನದವರೆಗೆ ಕಾಯಿಸಿದ್ದರೆ ಇಷ್ಟೇ ತೂಕ ಬರುತ್ತಿದ್ದಳೇನೋ, ನಾವು ಆತುರಪಟ್ಟೆವೇನೋ ಎಂದು ಹೆರಿಗೆಯ ಮಂಚದ ಮೇಲೆಯೇ ಅತ್ತುಬಿಟ್ಟೆ.

ಮರುದಿನ ನನ್ನ ವೈದ್ಯರು ಹಾಸಿಗೆಯ ಪಕ್ಕದಲ್ಲಿ ಕುಳಿತು, ಕೇಸ್ ಶೀಟಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಮಗ ಹತ್ತು ದಿನ ಹೆಚ್ಚು ಒಳಗಿದ್ದ; ಕೊನೆಯ ವಾರಗಳಲ್ಲಿ ಮಗು ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಬೆಳೆಯುತ್ತದೆ. ಎರಡನೆಯ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ನೂರು ಗ್ರಾಮಿನಷ್ಟಾದರೂ ಹೆಚ್ಚು ತೂಗುತ್ತದೆ. ಗಂಡುಮಗು ಹೆಣ್ಣುಮಗುವಿಗಿಂತ ಸರಾಸರಿ ಇನ್ನೊಂದು ನೂರು ಗ್ರಾಂ ಹೆಚ್ಚು. ಇವಿಷ್ಟನ್ನೂ ಕಳೆದ ಮೇಲೆ 700 ಗ್ರಾಮಿನಲ್ಲಿ ಉಳಿದದ್ದು ಇನ್ನೂರೈವತ್ತು ಗ್ರಾಮಿನ ಆಸುಪಾಸು. ಅದರಲ್ಲಿಯೂ ಫ್ರೀಜ್ ಮಾಡಿದ್ದರ ಪಾಲೆಷ್ಟು, ದಿನದ ಪಾಲೆಷ್ಟು, ಆ ಗರ್ಭದಲ್ಲಿ ನಾನು ತಿಂದುಂಡದ್ದರ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗದು ಎಂದರು. ಆ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಒಂದು ವಿಷಯವನ್ನು ಮುಚ್ಚಿಡಬಾರದು ಎನ್ನಿಸುತ್ತದೆ. ಮಗನ ಗರ್ಭದಲ್ಲಿ ಎಂಟನೆಯ ತಿಂಗಳಿನಿಂದ ನನಗೆ ಬಿಪಿ ಏರತೊಡಗಿತು. ಮಗಳ ಗರ್ಭದಲ್ಲಿ ಅದು ಇರಲಿಲ್ಲ. ಫ್ರೋಜನ್ ವರ್ಗಾವಣೆಗೂ ಇದಕ್ಕೂ ಸಂಬಂಧವಿರಬಹುದು ಎಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಮನೆಯಲ್ಲಿಯೇ ಬಿಪಿ ನೋಡಿಕೊಳ್ಳುವುದನ್ನು ನಾನು ಇನ್ನೂ ಮೊದಲೇ ಆರಂಭಿಸುತ್ತಿದ್ದೆ. ಮಗಳಿಗೆ ಈಗ ಏಳು ವರ್ಷ. ತರಗತಿಯ ಸಾಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದರೆ ಅವಳು ಕೊನೆಯಿಂದ ಎರಡನೆಯವಳು.


ಉತ್ತರಿಸಿದವರು: ಹೆರಿಗೆ ವಿಭಾಗದ ವೈದ್ಯೆ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ, ನಿರೀಕ್ಷೆ ಅವರ ಪ್ರಶ್ನೆಯಲ್ಲಿ ಸೇರಿಹೋಗಿರುವ ಮೂರು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು ಎನ್ನುತ್ತೇನೆ. ಭ್ರೂಣದ ವಯಸ್ಸು ಒಂದು, ಅದು ತಾಜಾವೋ ಫ್ರೋಜನ್ನೋ ಎಂಬುದು ಇನ್ನೊಂದು, ಎಷ್ಟು ಭ್ರೂಣಗಳನ್ನು ಹಾಕುತ್ತಾರೆ ಎಂಬುದು ಮತ್ತೊಂದು. ತೂಕದ ಮೇಲೆ ಇವುಗಳ ಬಲ ಸಮನಾಗಿಲ್ಲ.

ಕೊನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಭಯದ ಬೇರು ಅಲ್ಲಿದೆ. ನಿಮ್ಮ ಅಕ್ಕನ ಮಕ್ಕಳು ಸಣ್ಣದಾಗಿ ಹುಟ್ಟಿದ್ದಕ್ಕೆ ಮೂರನೆಯ ದಿನದ ವರ್ಗಾವಣೆಯನ್ನು ದೂರುವ ಮೊದಲು, ಅಲ್ಲಿ ಎರಡು ಭ್ರೂಣಗಳಿದ್ದವು ಎಂಬುದನ್ನು ನೋಡಬೇಕು. ಅವಳಿ ಗರ್ಭದಲ್ಲಿ ಹೆರಿಗೆ ಬೇಗ ಆಗುತ್ತದೆ, ಪ್ರತಿ ಮಗುವಿನ ತೂಕವೂ ಒಂಟಿ ಮಗುವಿಗಿಂತ ಕಡಿಮೆಯಿರುತ್ತದೆ. ಐವಿಎಫ್ ಮಕ್ಕಳ ತೂಕದ ಬಗ್ಗೆ ಇರುವ ಹೆದರಿಕೆಯ ಬಹುಪಾಲು, ಎರಡು ಮೂರು ಭ್ರೂಣಗಳನ್ನು ಒಟ್ಟಿಗೆ ಹಾಕುತ್ತಿದ್ದ ಕಾಲದ್ದು. ಒಂದೇ ಭ್ರೂಣ ಹಾಕಬೇಕೆಂಬ ನಿಮ್ಮ ವೈದ್ಯರ ಮಾತು ಮಗುವಿನ ತೂಕವನ್ನು ಕಾಪಾಡಲು ನೀವು ತೆಗೆದುಕೊಳ್ಳಬಹುದಾದ ಅತಿ ದೊಡ್ಡ ನಿರ್ಧಾರ. ಅದು ದಿನದ ಆಯ್ಕೆಗಿಂತ ಎಷ್ಟೋ ಪಾಲು ಮುಖ್ಯವಾದದ್ದು. ಎರಡು ಹಾಕಿ ಒಂದು ಮಾತ್ರ ಉಳಿದಾಗಲೂ, ಮೊದಲ ವಾರಗಳಲ್ಲಿ ಎರಡೂ ಬೆಳೆದು ಆಮೇಲೆ ಒಂದು ಕರಗಿಹೋಗಿದ್ದರೆ, ಉಳಿದ ಮಗುವಿನ ತೂಕ ಕಡಿಮೆಯಾಗುವ ಸಂಭವವಿದೆ.

ಒಂಟಿ ಮಕ್ಕಳಲ್ಲೂ ತೂಕ ಕಡಿಮೆ ಕಂಡದ್ದುಂಟು. ಅಮೆರಿಕದ ದಾಖಲೆಗಳನ್ನು ಆಧರಿಸಿ 2002ರಲ್ಲಿ ಬಂದ ವರದಿಯ ಪ್ರಕಾರ, ದಿನ ತುಂಬಿ ಹುಟ್ಟಿದ ಒಂಟಿ ಐವಿಎಫ್ ಮಕ್ಕಳಲ್ಲಿ 2,500 ಗ್ರಾಮಿಗಿಂತ ಕಡಿಮೆ ತೂಕದ ಪ್ರಮಾಣ ಉಳಿದವರ 2.6 ಪಟ್ಟು ಇತ್ತು. ಆದರೆ ಚಿಕಿತ್ಸೆ ಬೇಕಾಗುವ ದಂಪತಿಗಳೂ ಬೇಡದವರೂ ಒಂದೇ ಬಗೆಯವರಲ್ಲ. ವಯಸ್ಸು, ಗರ್ಭಕೋಶದ ಸ್ಥಿತಿ, ವರ್ಷಗಟ್ಟಲೆ ಮಕ್ಕಳಾಗದಿರಲು ಇದ್ದ ಕಾರಣ, ಇವೆಲ್ಲ ಮಗುವಿನ ತೂಕದಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಇದನ್ನು ಬೇರ್ಪಡಿಸಲು ನಾರ್ವೆಯವರು ಒಳ್ಳೆಯ ಉಪಾಯ ಹುಡುಕಿದರು: ಒಂದು ಮಗುವನ್ನು ಸಹಜವಾಗಿಯೂ ಇನ್ನೊಂದನ್ನು ಚಿಕಿತ್ಸೆಯಿಂದಲೂ ಪಡೆದ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಡೀ ಜನಸಂಖ್ಯೆಯನ್ನು ತೆಗೆದುಕೊಂಡಾಗ 25 ಗ್ರಾಂ ಇದ್ದ ಸರಾಸರಿ ಅಂತರ, ಒಡಹುಟ್ಟಿದವರ ನಡುವೆ ಕೇವಲ 9 ಗ್ರಾಮಿಗೆ ಇಳಿಯಿತು. ‘ಇಬ್ಬರ ಅಮ್ಮ’ ಅವರ ವೈದ್ಯರು ಕೇಸ್ ಶೀಟಿನ ಹಿಂದೆ ಬರೆದ ಲೆಕ್ಕದ ಹಿಂದಿರುವುದೂ ಇದೇ ತರ್ಕ.

ತಾಜಾ ಮತ್ತು ಫ್ರೋಜನ್ ನಡುವಿನ ಅಂತರ ಮಾತ್ರ ಹೀಗೆ ಕರಗುವುದಿಲ್ಲ. ಡೆನ್ಮಾರ್ಕಿನಲ್ಲಿ ಒಡಹುಟ್ಟಿದವರನ್ನೇ ಹೋಲಿಸಿದಾಗಲೂ ಫ್ರೋಜನ್ ಭ್ರೂಣದ ಮಕ್ಕಳು ಹೆಚ್ಚು ತೂಗಿದರು. ಇದಕ್ಕೆ ಕಾರಣವನ್ನು ಭ್ರೂಣಕ್ಕಿಂತ ಹೆಚ್ಚಾಗಿ ತಾಯಿಯ ಒಡಲಿನಲ್ಲಿ ಹುಡುಕಬೇಕು ಎಂದು ನನಗೆ ಮನವರಿಕೆಯಾದದ್ದು ದಾನದ ಅಂಡಾಣುಗಳ ದಾಖಲೆಗಳಿಂದ. ಅಂಡಾಣು ಹೊರತೆಗೆಯುವ ತಿಂಗಳಲ್ಲಿ ಚುಚ್ಚುಮದ್ದುಗಳಿಂದಾಗಿ ಈಸ್ಟ್ರೊಜೆನ್ ಮಟ್ಟ ಸಹಜ ತಿಂಗಳಿಗಿಂತ ಅನೇಕ ಪಟ್ಟು ಏರಿರುತ್ತದೆ. ಆ ಸ್ಥಿತಿಯ ಗರ್ಭಕೋಶದಲ್ಲಿ ಮಾಸು ಬೇರೂರುವುದಕ್ಕೆ ಅಡ್ಡಿಯಾಗಬಹುದು. ಬೇರೆಯವರ ಅಂಡಾಣು ಪಡೆಯುವ ಮಹಿಳೆಗೆ ಆ ಚುಚ್ಚುಮದ್ದುಗಳು ಇರುವುದಿಲ್ಲ. 2011ರ ಅಮೆರಿಕನ್ ಅಧ್ಯಯನವೊಂದರಲ್ಲಿ, ಅಂಥ ಮಹಿಳೆಯರ ಮಕ್ಕಳಲ್ಲಿ ತಾಜಾ ಮತ್ತು ಫ್ರೋಜನ್ ನಡುವೆ ಕಡಿಮೆ ತೂಕದ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಫ್ರೀಜ್ ಮಾಡುವುದರಿಂದಲೇ ತೂಕ ಬದಲಾಗುವುದಾಗಿದ್ದರೆ ಅಲ್ಲಿಯೂ ವ್ಯತ್ಯಾಸ ಕಾಣಬೇಕಿತ್ತು.

ಹಾಗೆಂದು ಫ್ರೋಜನ್ ದಾರಿ ಎಲ್ಲ ರೀತಿಯಲ್ಲೂ ಮೇಲು ಎಂದು ತಿಳಿಯಬೇಡಿ. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಬಿಡುಗಡೆ ಕ್ರಮ ತಪ್ಪುವ ತೊಂದರೆ) ಇರುವ 1,508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ರೋಜನ್ ಗುಂಪಿನ ಮಕ್ಕಳ ತೂಕ ಹೆಚ್ಚಿತ್ತು, ಮಗು ಪಡೆದವರ ಪ್ರಮಾಣವೂ ಹೆಚ್ಚಿತ್ತು. ಆದರೆ ಪ್ರೀಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಯರಲ್ಲಿ ಬಿಪಿ ಏರಿ ಅಂಗಾಂಗಗಳಿಗೆ ತೊಂದರೆ ಕೊಡುವ ಸ್ಥಿತಿ, ಶೇ. 4.4ರಷ್ಟು ಇತ್ತು. ತಾಜಾ ಗುಂಪಿನಲ್ಲಿ ಅದು ಶೇ. 1.4. ‘ಇಬ್ಬರ ಅಮ್ಮ’ ಅವರಿಗೆ ಇದನ್ನು ಮೊದಲೇ ಹೇಳಬೇಕಿತ್ತು ಎಂದು ನಾನೂ ಭಾವಿಸುತ್ತೇನೆ. ಫ್ರೋಜನ್ ವರ್ಗಾವಣೆಗೆ ಗರ್ಭಕೋಶವನ್ನು ಸಿದ್ಧಪಡಿಸುವ ಬಗೆಗಳು ಎರಡು. ಮಾತ್ರೆಗಳನ್ನು ಕೊಟ್ಟು ಒಳಪದರವನ್ನು ಬೆಳೆಸುವ ಬಗೆಯಲ್ಲಿ ಅಂಡಾಣು ಬಿಡುಗಡೆಯಾಗುವುದೇ ಇಲ್ಲ, ಹಾಗಾಗಿ ಬಿಡುಗಡೆಯ ನಂತರ ಅಂಡಾಶಯದಲ್ಲಿ ಉಳಿಯುವ ಹಳದಿ ಗ್ರಂಥಿ, ಅಂದರೆ ಕಾರ್ಪಸ್ ಲ್ಯೂಟಿಯಂ, ಇರುವುದಿಲ್ಲ. ಆ ಗ್ರಂಥಿ ಪ್ರೊಜೆಸ್ಟರಾನ್ ಜೊತೆಗೆ ರಕ್ತನಾಳಗಳನ್ನು ಗರ್ಭಕ್ಕೆ ಒಗ್ಗಿಸುವ ರಿಲ್ಯಾಕ್ಸಿನ್‌ನಂಥ ವಸ್ತುಗಳನ್ನೂ ಸ್ರವಿಸುತ್ತದೆ. ನಿಮ್ಮದೇ ಋತುಚಕ್ರದಲ್ಲಿ, ಅಂಡಾಣು ಬಿಡುಗಡೆಯನ್ನು ಗಮನಿಸಿಕೊಂಡು ವರ್ಗಾಯಿಸುವ ಬಗೆಯಲ್ಲಿ ಬಿಪಿಯ ತೊಂದರೆ ಕಡಿಮೆ ಕಂಡಿದೆ. ನಿಮ್ಮ ಋತುಚಕ್ರ ಕ್ರಮವಾಗಿದ್ದರೆ ಈ ಬಗೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ದಿನದ ಪ್ರಶ್ನೆಗಿಂತ ಈ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಭ್ರೂಣದ ವಯಸ್ಸು. ಐದನೆಯ ದಿನದ ಗುಂಪಿನಲ್ಲಿ ಕಂಡ ಅವಧಿಪೂರ್ವ ಹೆರಿಗೆಯ ಹೆಚ್ಚಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ನೂರರಲ್ಲಿ ಸುಮಾರು ಎಂಬತ್ತೊಂಬತ್ತು ಹೆರಿಗೆಗಳು ಆ ಅವಧಿಯಲ್ಲಿ ಆಗಿರಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಮೂರನೆಯ ದಿನದ ಭ್ರೂಣದಿಂದ ಹುಟ್ಟಿದವರ ಪೈಕಿ ಎಲ್ಲರಿಗೂ ಗೊತ್ತಿರುವ ಹೆಸರೆಂದರೆ, 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್, ಜಗತ್ತಿನ ಮೊದಲ ಐವಿಎಫ್ ಮಗು. ಎಂಟು ಕೋಶಗಳ ಹಂತದಲ್ಲಿ ವರ್ಗಾಯಿಸಿದ ಭ್ರೂಣ ಅದು. ತೂಕ ಸುಮಾರು 2.6 ಕೆ.ಜಿ. ಆ ತೂಕವನ್ನು ಎಂಟು ಕೋಶಗಳಿಗೆ ತಳುಕು ಹಾಕುವಂತಿಲ್ಲ. ತಾಯಿಗೆ ಬಿಪಿ ಏರಿದ್ದರಿಂದ, ನಿಗದಿತ ದಿನಕ್ಕೆ ಮೊದಲೇ ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆಯಲಾಗಿತ್ತು.

ಕೊನೆಗೆ, ತುಂಬಾ ಜನ ತಪ್ಪುವ ಒಂದು ಸಣ್ಣ ಲೆಕ್ಕ. ಹೆರಿಗೆಯ ನಿರೀಕ್ಷಿತ ದಿನವನ್ನು ಮೂರನೆಯ ದಿನದ ವರ್ಗಾವಣೆಯಾದರೆ ವರ್ಗಾವಣೆಯ ದಿನಾಂಕಕ್ಕೆ 263 ದಿನ ಸೇರಿಸಿ, ಐದನೆಯ ದಿನದ್ದಾದರೆ 261 ದಿನ ಸೇರಿಸಿ ಕಂಡುಹಿಡಿಯಬೇಕು. ಕೊನೆಯ ಮುಟ್ಟಿನ ದಿನದಿಂದ ಎಣಿಸಬಾರದು, ಅದರಲ್ಲೂ ಫ್ರೋಜನ್ ವರ್ಗಾವಣೆಯಲ್ಲಿ ಆ ಎಣಿಕೆ ದಾರಿ ತಪ್ಪಿಸುತ್ತದೆ. ಎರಡು ದಿನದ ತಪ್ಪು ಸಣ್ಣದೆಂದು ಕಾಣಬಹುದು, ಆದರೆ ಕೊನೆಯ ತಿಂಗಳಲ್ಲಿ ಎರಡು ದಿನವೆಂದರೆ ಐವತ್ತು ಗ್ರಾಮಿನಷ್ಟು ಬೆಳವಣಿಗೆ. ಸ್ಕ್ಯಾನಿಂಗ್ ವರದಿಯಲ್ಲಿ ಮಗು ವಾರಕ್ಕೆ ತಕ್ಕಂತೆ ಇದೆಯೋ ಸಣ್ಣದೋ ಎಂಬ ಗೆರೆಯ ಹತ್ತಿರ ಇರುವವರಿಗೆ ಅಷ್ಟು ಅಂತರವೇ ಸಾಕು, ಆರೋಗ್ಯವಾಗಿರುವ ಮಗುವನ್ನು ಸಣ್ಣದೆಂದು ಬರೆಯಲು.


ನಿರೀಕ್ಷೆ ಅವರ ಮರುಪ್ರಶ್ನೆ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಒಂದು ಅನುಮಾನ ಉಳಿದಿದೆ. ಮಗು ಇನ್ನೂರು ಗ್ರಾಂ ಹೆಚ್ಚು ಅಥವಾ ಕಡಿಮೆ ಹುಟ್ಟಿದರೆ ಅದು ಮುಂದೆಯೂ ಹಾಗೆಯೇ ಉಳಿಯುತ್ತದೆಯೇ?


ಹೆರಿಗೆ ವಿಭಾಗದ ವೈದ್ಯೆ ಅವರ ಉತ್ತರ

ದಿನ ತುಂಬಿ ಹುಟ್ಟಿದ, ಬೇರೆ ತೊಂದರೆಯಿಲ್ಲದ ಮಗುವಿನಲ್ಲಿ ಅಷ್ಟು ಅಂತರಕ್ಕೆ ನೀವು ಹೆದರಬೇಕಾಗಿಲ್ಲ. 2022ರಲ್ಲಿ ಹಲವು ದೇಶಗಳ 26 ಅಧ್ಯಯನಗಳಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆಯನ್ನು ಒಟ್ಟಿಗೆ ನೋಡಿದಾಗ, ಚಿಕಿತ್ಸೆಯಿಂದ ಹುಟ್ಟಿದವರು ಎಳವೆಯಲ್ಲಿ ಸರಾಸರಿ ತುಸು ಗಿಡ್ಡ, ತುಸು ಹಗುರ ಇದ್ದರೂ ಆ ವ್ಯತ್ಯಾಸ ಚಿಕ್ಕದಾಗಿದ್ದು, ಹದಿಹರೆಯ ತಲುಪುವ ಹೊತ್ತಿಗೆ ಬಹುಮಟ್ಟಿಗೆ ಮಾಸಿಹೋಗಿತ್ತು. ನಾನು ಎಚ್ಚರಿಕೆಯಿಂದ ನೋಡುವುದು 2,500 ಗ್ರಾಮಿನ ಕೆಳಗಿನವರನ್ನು, ಅದರಲ್ಲೂ ಬೇಗ ಹುಟ್ಟಿದವರನ್ನು, ಹಾಗೆಯೇ 4,000 ಗ್ರಾಂ ದಾಟಿ ಹೆರಿಗೆಯೇ ಕಷ್ಟವಾಗುವವರನ್ನು. ಸಾಧ್ಯವಾದರೆ ನಿಮ್ಮ ಅಕ್ಕನ ಮಕ್ಕಳು ಎಷ್ಟನೆಯ ವಾರಕ್ಕೆ ಹುಟ್ಟಿದರು ಎಂದು ವಿಚಾರಿಸಿ. ವಾರ ತಿಳಿಯದೆ ತೂಕವನ್ನು ಮಾತ್ರ ನೋಡಿದರೆ ಏನೂ ಹೇಳಲಾಗದು.


ನಿರೀಕ್ಷೆ, ಎರಡು ದಿನಗಳ ನಂತರ

ಅಕ್ಕನನ್ನು ಕೇಳಿದೆ. ಅವಳು ಬೀರುವಿನಿಂದ ಡಿಸ್ಚಾರ್ಜ್ ಕಾಗದ ತೆಗೆದು ಓದಿದಳು: 34 ವಾರ ಒಂದು ದಿನ. ನಮ್ಮ ವೈದ್ಯರಿಗೆ ತೋರಿಸಿದಾಗ, ಅಷ್ಟು ವಾರದ ಅವಳಿಗಳಿಗೆ 1.9 ಮತ್ತು 2 ಕೆ.ಜಿ. ತಕ್ಕ ತೂಕವೇ, ಆ ಮಕ್ಕಳು ಬೆಳೆಯದೆ ಉಳಿದವರಲ್ಲ, ಬೇಗ ಬಂದವರು ಎಂದರು. ಅಕ್ಕನಿಗೆ ಫೋನಿನಲ್ಲಿ ಅದನ್ನು ಹೇಳಿದಾಗ ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ನಾಲ್ಕು ವರ್ಷದಿಂದ ಅವಳೂ ತನ್ನನ್ನೇ ದೂರಿಕೊಳ್ಳುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಇಂದು ಮೂರನೆಯ ದಿನ. ಐದರಲ್ಲಿ ನಾಲ್ಕು ಭ್ರೂಣಗಳು ಏಳೆಂಟು ಕೋಶಗಳ ಹಂತದಲ್ಲಿವೆ, ಒಂದು ಹಿಂದೆ ಬಿದ್ದಿದೆ ಎಂದು ಬೆಳಿಗ್ಗೆ ತಿಳಿಸಿದರು. ನಾಲ್ಕಿರುವುದರಿಂದ ಐದನೆಯ ದಿನದವರೆಗೆ ಬಿಡಲು ನಾವಿಬ್ಬರೂ ಒಪ್ಪಿದ್ದೇವೆ. ನನ್ನ ಋತುಚಕ್ರ ಕ್ರಮವಾಗಿರುವುದರಿಂದ, ಮಾತ್ರೆಗಳಿಂದ ಸಿದ್ಧಪಡಿಸುವ ಬದಲು ಸಹಜ ಚಕ್ರದಲ್ಲಿಯೇ ಒಂದನ್ನು ಮಾತ್ರ ವರ್ಗಾಯಿಸಲು ವೈದ್ಯರೂ ಒಪ್ಪಿಕೊಂಡರು. ಬಿಪಿ ನೋಡುವ ಯಂತ್ರವನ್ನು ಈಗಲೇ ತಂದಿಟ್ಟುಕೊಂಡಿದ್ದೇವೆ. ನಾಡಿದ್ದು ಎಷ್ಟು ಉಳಿದವು ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.